ಸಣ್ಣ ಪ್ರೌಢಶಾಲೆಗೆ ಎಷ್ಟು ಶಿಕ್ಷಕರು ಬೇಕು?

120 ಮಕ್ಕಳು, 7 ಶಿಕ್ಷಕರು. ಭಾಗಿಸಿದರೆ 17 ಮಕ್ಕಳಿಗೆ ಒಬ್ಬರು ಬರುತ್ತಾರೆ. ಈ ಅನುಪಾತ ನೋಡಿದವರಿಗೆ ಇಬ್ಬರನ್ನು ‘ಹೆಚ್ಚುವರಿ’ ಎಂದು ಬೇರೆಡೆಗೆ ಕಳಿಸಬಹುದು ಅನ್ನಿಸುತ್ತದೆ. ಆದರೆ ಮೂರು ತರಗತಿಗೆ ಒಂದೊಂದೇ ವಿಭಾಗವಿದ್ದರೆ ಪ್ರತಿ ಕೋಣೆಯಲ್ಲಿ ಕೂತಿರುವವರು 40 ಮಕ್ಕಳು.

ಸಣ್ಣ ಶಾಲೆಯ ಲೆಕ್ಕವನ್ನು ಪೀರಿಯಡ್‌ನಿಂದಲೇ ಶುರುಮಾಡಬೇಕು. ವಾರಕ್ಕೆ ತರಗತಿಯೊಂದಕ್ಕೆ 40 ಪೀರಿಯಡ್ ಎಂದು ಹಿಡಿಯಿರಿ: ಮೊದಲ ಭಾಷೆ, ಗಣಿತ, ವಿಜ್ಞಾನ ತಲಾ 7, ಎರಡನೇ ಭಾಷೆ, ಸಮಾಜ ತಲಾ 6, ದೈಹಿಕ ಶಿಕ್ಷಣ 4, ಚಿತ್ರಕಲೆ 3. ಮೂರು ತರಗತಿಗೆ 120. ಒಬ್ಬರಿಗೆ 24 ಪೀರಿಯಡ್ ಅಂದರೆ 5 ಹುದ್ದೆ ಸಾಕು! ತಪ್ಪಾಗುವುದು ಇಲ್ಲೇ. ಗಣಿತದವರಿಗೆ 21 ಪೀರಿಯಡ್, ಉಳಿದದ್ದು 3. ಸಮಾಜದವರಿಗೆ ಉಳಿದದ್ದು 6. ಏಳೂ ಜನರ ಬಿಡುವು ಕೂಡಿಸಿದರೆ 48, ಸರಿಯಾಗಿ ಎರಡು ಹುದ್ದೆ. ಹಾಗೆಂದು ಚಿತ್ರಕಲೆಯವರ ಬಿಡುವಿನಲ್ಲಿ ವಿಜ್ಞಾನ ಕಲಿಸಲಾಗದು. ಕಲಿಸಲು ಹಚ್ಚಿದರೆ ಮೊದಲು ನಿಲ್ಲುವುದು ಪ್ರಯೋಗ. ಪಾಠ ಓದಿಸಿ ಮುಗಿಸುವುದಷ್ಟೇ ಉಳಿಯುತ್ತದೆ. ಇದರ ನಷ್ಟ ಪೂರ್ತಿ ಮಕ್ಕಳದ್ದು.

ಉಳಿತಾಯ ಬೇಕೇ ಬೇಕೆಂದರೆ 9 ಪೀರಿಯಡ್‌ನ ಚಿತ್ರಕಲೆ ಹುದ್ದೆಯನ್ನು ಎರಡು ಶಾಲೆ ಹಂಚಿಕೊಳ್ಳಲಿ. ಐದು ದಿನದ ವಾರದಲ್ಲಿ ಅವರು ಎರಡು ದಿನ ಬಂದರೆ ಲೆಕ್ಕಕ್ಕೆ 0.4 ಎಂದು ಬರೆಯಿರಿ, 1 ಎಂದಲ್ಲ. ವೇಳಾಪಟ್ಟಿಯಲ್ಲಿ ಅವರ ಪೀರಿಯಡ್‌ಗಳನ್ನೇ ಮೊದಲು ಕೂರಿಸಿ. ಕೊನೆಗೆ ಬಿಟ್ಟರೆ ಜಾಗ ಸಿಗುವುದಿಲ್ಲ.

ಮುಂದಿನ ವರ್ಷ 12 ಮಕ್ಕಳು ಕಡಿಮೆಯಾದರು ಅನ್ನಿ. ತರಗತಿಗೆ 36 ಆಯಿತು, ಪೀರಿಯಡ್ ಮಾತ್ರ ಅದೇ 120. ವಿಭಾಗ ಕಡಿಮೆಯಾಗದೆ ಕೆಲಸ ಕಡಿಮೆಯಾಗುವುದಿಲ್ಲ. ಅದಕ್ಕೇ ದಾಖಲಾತಿಯ ಒಟ್ಟು ಸಂಖ್ಯೆಗಿಂತ ಸುತ್ತಲಿನ ಪ್ರಾಥಮಿಕ ಶಾಲೆಗಳ ಕೊನೆಯ ಎರಡು ತರಗತಿಗಳಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಪ್ರತಿ ವರ್ಷ ಎಷ್ಟು ಜನ ನಿಮ್ಮಲ್ಲಿಗೆ ಬರುತ್ತಾರೆ ಎಂಬುದನ್ನು ನೋಡಿ. ಜೊತೆಗೆ ಯಾವ ವಿಷಯದವರ ನಿವೃತ್ತಿ ಯಾವಾಗ ಎಂಬುದನ್ನೂ ಬರೆದಿಡಿ. ಇಲ್ಲಿ ಒಬ್ಬರು ಹೋದರೆ ಒಂದು ವಿಷಯವೇ ಹೋದಂತೆ.

ಮಕ್ಕಳ ವಿವರದಲ್ಲಿ ಶೇಕಡಾವಾರು ನಂಬಬೇಡಿ. 20 ಮಕ್ಕಳ ತರಗತಿಯಲ್ಲಿ ಒಂದು ಮಗು ಅಂದರೆ ಶೇ 5. ಫಲಿತಾಂಶ ಶೇ 90ರಿಂದ 85ಕ್ಕೆ ಇಳಿದದ್ದು ಒಂದು ಮಗುವಿನ ಜ್ವರದಿಂದಲೂ ಇರಬಹುದು. ಮೂರು ವರ್ಷದ ಸಂಖ್ಯೆ ಕೂಡಿಸಿ ನೋಡಿ. ಮನೆಮಾತು ಬೇರೆಯಿರುವವರು, ವಿಶೇಷ ಅಗತ್ಯವಿರುವವರು ಮೂವರೇ ಇದ್ದರೂ ಅವರ ಹೆಚ್ಚುವರಿ ಪಾಠದ ಪೀರಿಯಡ್‌ಗಳನ್ನು 120ಕ್ಕೆ ಸೇರಿಸಿ. ಅವರ ಅಂಕಗಳನ್ನು ಮಾತ್ರ ಪ್ರತ್ಯೇಕ ಗುಂಪಾಗಿ ಫಲಕದಲ್ಲಿ ಹಾಕಬೇಡಿ. ಮೂವರ ಗುಂಪಿನಲ್ಲಿ ಯಾರದು ಎಷ್ಟು ಎಂದು ಇಡೀ ಶಾಲೆಗೆ ಗೊತ್ತಾಗುತ್ತದೆ.