ಹಳೇ ಸ್ಕ್ರೀನ್ ಪ್ರಿಂಟಿಂಗ್ ಮಷಿನ್: ಕರೆಂಟ್ ತೆಗೆಸುವ ಮೊದಲೇ ಮಾರಿ

ಟೀ ಶರ್ಟ್ ಪ್ರಿಂಟ್ ಮಾಡುವ ಅಂಗಡಿಗಳಿಗೆ ಡಿಟಿಎಫ್ (ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಹೀಟ್ ಪ್ರೆಸ್‌ನಲ್ಲಿ ಬಟ್ಟೆಗೆ ಒತ್ತುವ) ಪ್ರಿಂಟರ್ ಬಂದ ಮೇಲೆ ಈ ನೋಟ ಮಾಮೂಲಿ. ದಿನಾ ದುಡಿಯುವ ಹೊಸ ಮಷಿನ್ ಬಾಗಿಲ ಹತ್ತಿರ ಇಕ್ಕಟ್ಟಿನಲ್ಲಿ ಇರುತ್ತದೆ. ಕೆಲಸವಿಲ್ಲದ ನಾಲ್ಕು ಬಣ್ಣದ ರೋಟರಿ (ಸುತ್ತ ತಿರುಗುವ ತೋಳುಗಳಿರುವ ಹಳೇ ಸ್ಕ್ರೀನ್ ಪ್ರಿಂಟಿಂಗ್ ಮಷಿನ್) ಮಾತ್ರ ನಡುಮನೆಯ ಯಜಮಾನರ ಹಾಗೆ ಕೈಕಾಲು ಚಾಚಿಕೊಂಡು ಮಧ್ಯದಲ್ಲೇ ಕೂತಿರುತ್ತದೆ. ಮೇಲೆ ಖಾಲಿ ಡಬ್ಬಗಳು. ಕೇಳಿದರೆ, 'ಒಳ್ಳೇ ರೇಟ್ ಬರಲಿ, ಕೊಡೋಣ ಸಾರ್' ಅನ್ನುತ್ತಾರೆ.

ಆ ಒಳ್ಳೇ ರೇಟಿನ ಲೆಕ್ಕ ಮೊದಲು ನೋಡೋಣ. ರೋಟರಿ ಸುತ್ತ ಆಳು ಓಡಾಡುವ ಜಾಗ ಸೇರಿದರೆ ಸುಮಾರು 100 ಚದರ ಅಡಿ. ಬಾಡಿಗೆ ಚದರ ಅಡಿಗೆ 30 ರೂಪಾಯಿ ಅಂದುಕೊಳ್ಳಿ. ತಿಂಗಳಿಗೆ 3,000, ವರ್ಷಕ್ಕೆ 36,000. ಐದು ಸಾವಿರ ಜಾಸ್ತಿ ಸಿಗಲಿ ಎಂದು ಆರು ತಿಂಗಳು ಕಾದವರು ಅಷ್ಟರಲ್ಲಿ 18,000 ಬಾಡಿಗೆ ಕಟ್ಟಿರುತ್ತಾರೆ. ಜಾಗ ಸ್ವಂತದ್ದಾದರೂ ಲೆಕ್ಕ ಇದೇ. ಅಲ್ಲಿ ಇನ್ನೊಂದು ಹೀಟ್ ಪ್ರೆಸ್ ಇಡಬಹುದಿತ್ತು, ಅಲ್ವಾ?

ಜಾಗ ಬೇಗ ಬೇಕು ಎಂದು ಮಷಿನ್ ಬಿಚ್ಚಿ ಮೂಲೆಗೆ ಒರಗಿಸುವುದು ಇನ್ನೊಂದು ಅವಸರ. ಬಿಚ್ಚಿಟ್ಟ ಮಷಿನ್‌ಗೆ ಗುಜರಿ ರೇಟು. ಓಡುತ್ತಿರುವ ಮಷಿನ್‌ಗೆ ಮಷಿನ್ ರೇಟು. ಕೊಳ್ಳುವವನಿಗೆ ಬೇಕಿರುವುದು ಕಬ್ಬಿಣವಲ್ಲ, ರಿಜಿಸ್ಟ್ರೇಷನ್ (ಪ್ರತಿ ಬಣ್ಣವೂ ತನ್ನ ಜಾಗಕ್ಕೇ ಬೀಳುವುದು) ಕೂರುತ್ತದೆ ಎಂಬ ಧೈರ್ಯ. ಹಾಗಾಗಿ ಎರಡು ಬಣ್ಣದ ಡಿಸೈನ್ ಹಾಕಿ ಅವನ ಎದುರಿಗೇ ಹತ್ತಾರು ಪೀಸ್ ಹೊಡೆದು ತೋರಿಸಿ. ತೋಳುಗಳಲ್ಲಿ ಆಟ ಇದ್ದರೆ ಎರಡನೇ ಬಣ್ಣ ಜರುಗಿ ಗೊತ್ತಾಗಿಬಿಡುತ್ತದೆ. ಕೆಲವು ಸಲ ಬೇರಿಂಗ್ ಬದಲಿಸಿದರೆ ಸಾಕು. ಆ ಸಣ್ಣ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಪೇಂಟ್ ಹೊಡೆಸುವುದು ಮಾತ್ರ ದಂಡ. ಹೊಸ ಬಣ್ಣ ಕಂಡರೆ ನಾನೇ ಅನುಮಾನ ಪಡುತ್ತೇನೆ.

ಪ್ರಿಂಟಾದ ಬಟ್ಟೆಯನ್ನು ಬೆಲ್ಟ್ ಮೇಲೆ ಬಿಸಿಯೊಳಗೆ ಸಾಗಿಸುವ ಕನ್ವೇಯರ್ ಡ್ರೈಯರ್ ಇದ್ದರೆ ಅದನ್ನೂ ಬಿಸಿ ಮಾಡಿಯೇ ತೋರಿಸಬೇಕು. ಪ್ಲಾಸ್ಟಿಸಾಲ್ ಇಂಕ್ ಕ್ಯೂರ್ ಆಗಲು, ಅಂದರೆ ಗಟ್ಟಿಯಾಗಿ ಬಟ್ಟೆಗೆ ಕಚ್ಚಿಕೊಳ್ಳಲು, ಸಾಮಾನ್ಯವಾಗಿ 160 ಡಿಗ್ರಿ ಸೆಲ್ಸಿಯಸ್ ಹತ್ತಿರ ಬೇಕು. ಡಿಸ್ಪ್ಲೇ ಎಷ್ಟೇ ತೋರಿಸಲಿ, ಬಟ್ಟೆಗೆ ಟೆಂಪರೇಚರ್ ಸ್ಟ್ರಿಪ್ ಅಂಟಿಸಿ ಬೆಲ್ಟ್ ಮೇಲೆ ಕಳಿಸಿದರೆ ನಿಜ ತಿಳಿಯುತ್ತದೆ. ಇದನ್ನೆಲ್ಲ ವಿಡಿಯೋ ಮಾಡಿಟ್ಟುಕೊಳ್ಳಿ. ನೇಮ್ ಪ್ಲೇಟಿನ ಫೋಟೋನೂ ಇರಲಿ. ಸಿಂಗಲ್ ಫೇಸೋ ತ್ರೀ ಫೇಸೋ, ಎಷ್ಟು ಕಿಲೋವ್ಯಾಟ್ ಎಂಬುದು ಬೇರೆ ಊರಿನ ಗಿರಾಕಿ ಕೇಳುವ ಮೊದಲ ಪ್ರಶ್ನೆ.

ಹೌದು, ಗಿರಾಕಿ ಇರುವುದು ನಿಮ್ಮ ಬೀದಿಯಲ್ಲಲ್ಲ. ಪಕ್ಕದ ಅಂಗಡಿಯವರೂ ಡಿಟಿಎಫ್ ಕಡೆ ಹೊರಟಿದ್ದಾರೆ. ದಾವಣಗೆರೆ, ಗದಗದಂಥ ಊರಲ್ಲಿ ಬಟ್ಟೆ ಚೀಲ, ಶಾಲೆ ಯೂನಿಫಾರ್ಮ್ ಪ್ರಿಂಟಿಂಗ್ ಶುರು ಮಾಡುವವರನ್ನು ಹುಡುಕಿ. ಇಂಕ್, ಎಮಲ್ಷನ್ (ಸ್ಕ್ರೀನಿಗೆ ಬಳಿಯುವ, ಬೆಳಕಿಗೆ ಗಟ್ಟಿಯಾಗುವ ದ್ರವ) ಮಾರುವ ಅಂಗಡಿಯವರಿಗೆ ಇಂಥವರೆಲ್ಲ ಗೊತ್ತಿರುತ್ತಾರೆ. ಕೈಯಲ್ಲಿ ಓಡಿಸುವ ಸಣ್ಣ ಟೇಬಲ್, ಫ್ರೇಮ್‌ಗಳನ್ನು ಚಿತ್ರಕಲಾ ಕಾಲೇಜಿನ ಪ್ರಿಂಟ್‌ಮೇಕಿಂಗ್ ವಿಭಾಗದಲ್ಲೂ ಕೇಳಿ ನೋಡಬಹುದು.

ಎಲ್ಲವನ್ನೂ ಒಟ್ಟಿಗೆ ಕೊಡುವ ಮೊದಲು ನಿಮ್ಮ ಆರ್ಡರ್ ಪುಸ್ತಕ ತೆಗೆಯಿರಿ. ಡಿಟಿಎಫ್‌ನಲ್ಲಿ ಪ್ರತಿ ಪೀಸಿಗೂ ಫಿಲ್ಮ್, ಪೌಡರ್, ಇಂಕ್ ಬೇಕು. ಸಾವಿರನೇ ಪೀಸಿಗೂ ಖರ್ಚು ಹೆಚ್ಚುಕಡಿಮೆ ಅಷ್ಟೇ. ಸ್ಕ್ರೀನ್‌ನಲ್ಲಿ ಹೆಚ್ಚಿನ ಖರ್ಚು ಸ್ಕ್ರೀನ್ ಮಾಡುವಾಗ ಮೊದಲೇ ಆಗಿಹೋಗುತ್ತದೆ. ಒಂದೇ ಬಣ್ಣದ 500 ಟೀ ಶರ್ಟ್ ಆರ್ಡರ್ ಆಗಾಗ ಬರುತ್ತಿದ್ದರೆ ರೋಟರಿ ಮಾತ್ರ ಕೊಟ್ಟುಬಿಡಿ. ಎಕ್ಸ್‌ಪೋಸಿಂಗ್ ಯೂನಿಟ್ (ಬೆಳಕಿನಿಂದ ಸ್ಕ್ರೀನ್ ಮೇಲೆ ಡಿಸೈನ್ ಮೂಡಿಸುವ ಉಪಕರಣ), ಒಂದು ಸಣ್ಣ ಟೇಬಲ್, ಏಳೆಂಟು ಫ್ರೇಮ್ ಉಳಿಸಿಕೊಳ್ಳಿ. ಅವಕ್ಕೆ ಸಿಗುವ ದುಡ್ಡೂ ಅಷ್ಟಕ್ಕಷ್ಟೇ.

ಅಲ್ಯುಮಿನಿಯಂ ಫ್ರೇಮಿಗೆ ಹೊಸ ಮೆಶ್ (ಜಾಲರಿ ಬಟ್ಟೆ) ಎಳೆಸಬಹುದು, ಬೆಲೆ ಇದೆ. ಸೊಟ್ಟಗಾದ ಮರದ ಫ್ರೇಮಿಗೆ ಇಲ್ಲ. ಹಳೇ ಇಂಕ್, ಥಿನ್ನರ್ ಡಬ್ಬಗಳನ್ನು ಮಷಿನ್ ಜೊತೆ ಲಾರಿಗೆ ತುಂಬಬೇಡಿ. ಬೆಂಕಿಯ ಭಯ ಇದೆ. ಎಮಲ್ಷನ್‌ಗೆ ಬೆರೆಸುವ ಬೈಕ್ರೋಮೇಟ್ ಉಳಿದಿದ್ದರೆ ಚರಂಡಿಗೆ ಚೆಲ್ಲುವ ಮಾತೇ ಬೇಡ. ಅದರಲ್ಲಿರುವುದು ಕ್ಯಾನ್ಸರ್ ತರುವ ಬಗೆಯ ಕ್ರೋಮಿಯಂ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳಲು ಅನುಮತಿ ಇರುವವರಿಗೇ ಕೊಡಬೇಕು.

ಇನ್ನು ಕಾಗದಪತ್ರ. ಮಷಿನ್ ಸಾಲದ್ದಾದರೆ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ. ಕೊಂಡಾಗ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಆಗ ಕಟ್ಟಿದ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಪಡೆದಿದ್ದರೆ ಮಾರುವಾಗ ಎರಡು ಲೆಕ್ಕ ಹಾಕಬೇಕು. ಒಂದು, ಪಡೆದ ಕ್ರೆಡಿಟ್‌ನಲ್ಲಿ ಪ್ರತಿ ಮೂರು ತಿಂಗಳಿಗೆ ಶೇ. 5ರಂತೆ ಕಳೆದು ಉಳಿದದ್ದು. ಇನ್ನೊಂದು, ಮಾರಿದ ಬೆಲೆಯ ಮೇಲಿನ ತೆರಿಗೆ. ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಐದು ವರ್ಷ ದಾಟಿದ್ದರೆ ಮೊದಲನೆಯದು ಸೊನ್ನೆ. ಹಾಗಂತ ಬಿಲ್ ಇಲ್ಲದೆ ಕೊಟ್ಟರೆ ದಾರಿಯಲ್ಲಿ ಲಾರಿ ನಿಂತೀತು.

ಮಷಿನ್ ಹೋದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಡ್ರೈಯರ್‌ಗಾಗಿ ಹೆಚ್ಚು ಲೋಡ್ ಮಂಜೂರು ಮಾಡಿಸಿರುತ್ತೀರಿ. ಡ್ರೈಯರ್ ಇಲ್ಲದಿದ್ದರೂ ಆ ಲೋಡಿನ ಮೇಲೆ ಪ್ರತಿ ತಿಂಗಳು ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ. ಹೀಟ್ ಪ್ರೆಸ್‌ಗೆ ಎಷ್ಟು ಬೇಕೋ ಲೆಕ್ಕ ಹಾಕಿಸಿ, ಉಳಿದದ್ದನ್ನು ಇಳಿಸಲು ಬೆಸ್ಕಾಂಗೋ ಹೆಸ್ಕಾಂಗೋ ಅದೇ ವಾರ ಅರ್ಜಿ ಕೊಡಿ.