ಲಿಫ್ಟ್ ಮಷಿನ್ ರೂಮಿನ ಬಿಸಿ: ಫ್ಯಾನು ಎಲ್ಲಿ ಸಾಕು, ಎಲ್ಲಿ ಸಾಲದು

ಮಷಿನ್ ರೂಮಿನ, ಅಂದರೆ ಲಿಫ್ಟಿನ ಮೋಟಾರು ಕೂತಿರುವ ಕೋಣೆಯ, ಗಾಳಿ 5ರಿಂದ 40 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು ಅನ್ನುವುದು ಯುರೋಪಿನ ಲಿಫ್ಟ್ ಸುರಕ್ಷತೆಯ ಇಎನ್ 81 ಮಾನಕದ ಲೆಕ್ಕ. ಸಾಮಾನ್ಯವಾಗಿ ಡ್ರೈವ್‌ಗಳ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನ) ಪೂರ್ತಿ ಸಾಮರ್ಥ್ಯವನ್ನು ಹೇಳುವುದೂ 40 ಡಿಗ್ರಿಯವರೆಗೇ. ಇದನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸಾಗುತ್ತದೆ. ಆದರೆ ನನಗೆ ಅದು ಅರ್ಥವಾದದ್ದು ಅಪ್ರೆಂಟಿಸ್ ಆಗಿದ್ದಾಗ, ಕಲಬುರಗಿಯ ಐದು ಮಹಡಿಯ ಒಂದು ಕಟ್ಟಡದಲ್ಲಿ.

ಏಪ್ರಿಲ್ ತಿಂಗಳು. ದಿನಾ ಮಧ್ಯಾಹ್ನ ಮೂರರ ಹೊತ್ತಿಗೆ ಲಿಫ್ಟ್ ನಿಲ್ಲುತ್ತಿತ್ತು, ಸಂಜೆ ಆರಕ್ಕೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಡ್ರೈವ್‌ನ ಪರದೆಯಲ್ಲಿ ಓವರ್‌ಹೀಟ್ ಫಾಲ್ಟ್. ನಮಗಿಂತ ಮುಂಚೆ ಬಂದವರು ಕಂಟ್ರೋಲ್ ಪ್ಯಾನೆಲ್ ಬಾಗಿಲು ತೆರೆದು, ಎದುರಿಗೆ ಪೆಡಸ್ಟಲ್ ಫ್ಯಾನ್ ಇಟ್ಟು ಹೋಗಿದ್ದರು. ಕರೆಂಟಿರುವ ಟರ್ಮಿನಲ್‌ಗಳು ಬಯಲಲ್ಲಿ, ಎಲೆಕ್ಟ್ರಾನಿಕ್ ಕಾರ್ಡುಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ವಾಚ್‌ಮನ್ ಗೋಡೆಯ ಎಕ್ಸಾಸ್ಟ್ ಫ್ಯಾನ್ ತೋರಿಸಿ, “ಫ್ಯಾನ್ ತಿರಗಲತ್ತದಲ್ರಿ, ಮತ್ತ್ಯಾಕ ಬಂದ್ ಆಗ್ತದ?” ಎಂದ. ಸರಿಯಾದ ಪ್ರಶ್ನೆ.

ಉತ್ತರಕ್ಕೆ ಸ್ವಲ್ಪ ಲೆಕ್ಕ ಬೇಕು. ಮೋಟಾರು, ಡ್ರೈವ್, ಬ್ರೇಕಿಂಗ್ ರೆಸಿಸ್ಟರ್ (ಮೋಟಾರು ಮರಳಿಸುವ ಕರೆಂಟನ್ನು ಶಾಖವಾಗಿ ಕರಗಿಸುವ ಭಾಗ) ಸೇರಿ ಕೋಣೆಗೆ ಸುರಿಯುವ ಶಾಖ 2,000 ವ್ಯಾಟ್ ಎಂದಿಟ್ಟುಕೊಳ್ಳಿ. ನಿಜವಾದ ಅಂಕಿ ತಯಾರಕರ ಡೇಟಾ ಶೀಟಿನಲ್ಲಿರುತ್ತದೆ. ಇದರ ಜೊತೆಗೆ ತಲೆಯ ಮೇಲೆ ಬಿಸಿಲಿಗೆ ಕಾದ ಆರ್‌ಸಿಸಿ ಸ್ಲ್ಯಾಬ್. 12 ಚದರ ಮೀಟರ್ ಸ್ಲ್ಯಾಬು, ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 3.5 ವ್ಯಾಟ್, ವ್ಯತ್ಯಾಸ 20 ಡಿಗ್ರಿ: 840 ವ್ಯಾಟ್. ಒಟ್ಟು 2,840.

ಈ ಶಾಖವನ್ನು ಗಾಳಿಯಲ್ಲೇ ಹೊರಹಾಕಬೇಕಾದರೆ, ಸೆಕೆಂಡಿಗೆ ಬೇಕಾದ ಘನ ಮೀಟರ್ ಗಾಳಿ = ವ್ಯಾಟ್ ÷ (1,206 × ತಾಪ ಏರಿಕೆ). 1,206 ಅಂದರೆ ಒಂದು ಘನ ಮೀಟರ್ ಗಾಳಿ ಒಂದು ಡಿಗ್ರಿ ಏರಲು ಬೇಕಾದ ಶಾಖ, ಜೂಲ್‌ಗಳಲ್ಲಿ. ಕೋಣೆ ಹೊರಗಿಗಿಂತ 5 ಡಿಗ್ರಿ ಹೆಚ್ಚಿದ್ದರೂ ಪರವಾಗಿಲ್ಲ ಎಂದರೆ 0.47 ಘನ ಮೀಟರ್, ಅಂದರೆ ಹತ್ತಿರ ಹತ್ತಿರ 1,000 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಫ್ಯಾನು. ಬೆಂಗಳೂರಲ್ಲಿ ಹೊರಗೆ 34 ಇದ್ದರೆ ಒಳಗೆ 39, ಹೇಗೋ ನಡೆಯುತ್ತದೆ. ಕಲಬುರಗಿಯಲ್ಲಿ ಹೊರಗೇ 42. ಒಳಗೆ 47. ಫ್ಯಾನು ಎರಡು ಪಟ್ಟು ದೊಡ್ಡದು ಹಾಕಿ, 44.5ಕ್ಕೆ ಇಳಿಯುತ್ತದೆ, ಅಷ್ಟೇ. ಎಷ್ಟೇ ದೊಡ್ಡ ಫ್ಯಾನಾದರೂ ಹೊರಗಿನ ಗಾಳಿಯನ್ನೇ ತಾನೆ ಒಳಗೆ ತರುವುದು? ಅಲ್ಲಿಗೆ ಎಸಿಯೇ ಬೇಕು. ಎಸಿಯ ಒಂದು ಟನ್ ಅಂದರೆ 3,517 ವ್ಯಾಟ್, ಹಾಗಾಗಿ 2,840 ÷ 3,517 ಅಂದರೆ 0.8 ಟನ್. ಆದರೆ ಗೋಡೆಗಳ ಶಾಖ ಲೆಕ್ಕಕ್ಕೆ ಹಿಡಿದಿಲ್ಲ, ಆ ಬಿಸಿಲಲ್ಲಿ ಎಸಿಯ ಸಾಮರ್ಥ್ಯವೂ ಕುಗ್ಗುತ್ತದೆ. ಹಾಗಾಗಿ ಒಂದೂವರೆ ಟನ್.

ಬಿಸಿಯಿಂದ ಆಗುವ ಹಾನಿ ಡ್ರೈವ್ ಟ್ರಿಪ್ ಆಗಿ ಲಿಫ್ಟ್ ನಿಂತಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಅದಕ್ಕೂ ಮುಂಚೆ ಡ್ರೈವ್‌ನೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗುತ್ತಿರುತ್ತವೆ. 10 ಡಿಗ್ರಿ ಏರಿದರೆ ಅವುಗಳ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ವರ್ಮ್ ಗೇರ್ ಮಷಿನ್ ಆದರೆ ಗೇರಿನ ಎಣ್ಣೆ ನೀರಿನಂತೆ ತೆಳುವಾಗುತ್ತದೆ. ನನಗೆ ಹೆಚ್ಚು ಭಯ ಬ್ರೇಕ್ ಕಾಯಿಲ್‌ನದು. ಅದರಲ್ಲಿ ಕರೆಂಟ್ ಹರಿದಾಗಲೇ ಬ್ರೇಕ್ ಬಿಡುವುದು. ತಾಮ್ರದ ರೋಧ ಡಿಗ್ರಿಗೆ 0.39 ಶೇಕಡಾ ಏರುತ್ತದೆ. ಕಾಯಿಲ್ 20ರಿಂದ 90 ಡಿಗ್ರಿಗೆ ಹೋದರೆ ರೋಧ 27 ಶೇಕಡಾ ಹೆಚ್ಚು. ಅದೇ ವೋಲ್ಟೇಜಿನಲ್ಲಿ ಕರೆಂಟ್ ಮೊದಲಿನ 79 ಶೇಕಡಾ ಮಾತ್ರ. ಸೆಟ್ಟಿಂಗ್ ಮೊದಲೇ ಬಿಗಿಯಾಗಿದ್ದರೆ ಬ್ರೇಕ್ ಪೂರ್ತಿ ಬಿಡದೆ ಲೈನರ್ ಉಜ್ಜುತ್ತಾ ಓಡುತ್ತದೆ. ಆ ಉಜ್ಜಾಟದಿಂದ ಮತ್ತಷ್ಟು ಬಿಸಿ.

ಎಸಿ ಹಾಕುವಾಗಲೂ ಎಡವಟ್ಟುಗಳಿವೆ. ಎಕ್ಸಾಸ್ಟ್ ಫ್ಯಾನನ್ನೂ ಓಡಿಸುತ್ತಲೇ ಇದ್ದರೆ ದುಡ್ಡು ಕೊಟ್ಟು ತಂಪು ಮಾಡಿದ ಗಾಳಿ ಹೊರಗೆ ಹೋಗುತ್ತದೆ. ಇಂಡೋರ್ ಯೂನಿಟ್ ಪ್ಯಾನೆಲ್ ಮೇಲೆ ಬೇಡವೇ ಬೇಡ, ಡ್ರೈನ್ ಪೈಪ್ ಕಟ್ಟಿಕೊಂಡ ದಿನ ನೀರು ನೇರ ಕಾರ್ಡಿನ ಮೇಲೆ. ಕರೆಂಟ್ ಹೋಗಿ ಬಂದಾಗ ತಾನಾಗಿ ಚಾಲೂ ಆಗುವ ಎಸಿಯೇ ಬೇಕು. ಇಲ್ಲವಾದರೆ ಜನರೇಟರಿಗೆ ಬದಲಾದ ಮೇಲೆ ಲಿಫ್ಟ್ ಓಡುತ್ತಿರುತ್ತದೆ, ಎಸಿ ಮಲಗಿರುತ್ತದೆ, ಮೇಲೆ ಹೋಗಿ ನೋಡುವವರಿಲ್ಲ. ಥರ್ಮೋಸ್ಟಾಟನ್ನು ಬಾಗಿಲ ಬಳಿ ಅಲ್ಲ, ಪ್ಯಾನೆಲ್ ಪಕ್ಕ ಕೂರಿಸಿ.

ಮಂಗಳೂರಿನ ಕಡೆ ಕೆಲಸ ಸಿಕ್ಕವರು ಈ ಲೆಕ್ಕವನ್ನು ಹಾಗೇ ಹೊತ್ತುಕೊಂಡು ಹೋಗಬೇಡಿ. ಅಲ್ಲಿ ಬಿಸಿಗಿಂತ ತೇವದ ಕಾಟ ಜಾಸ್ತಿ. ಎಸಿಯನ್ನು 18ಕ್ಕೆ ಇಟ್ಟು ಬಾಗಿಲು ತೆಗೆದರೆ ಹೊರಗಿನ ಹಸಿ ಗಾಳಿ ತಣ್ಣಗಿನ ಲೋಹದ ಮೇಲೆ ಬೆವರಾಗಿ ಕೂರುತ್ತದೆ. 28 ಧಾರಾಳ ಸಾಕು.

ಕಲಬುರಗಿಯಲ್ಲಿ ನಾವು ಮೊದಲು ಮಾಡಿದ್ದು ಖರ್ಚಿಲ್ಲದ ಕೆಲಸ: ಡ್ರೈವ್‌ನ ಹೀಟ್‌ಸಿಂಕ್ ಧೂಳು ಊದಿ, ಕಿಟಕಿ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಪಾರಿವಾಳದ ಪುಕ್ಕ ಕಿತ್ತು, ಪ್ಯಾನೆಲ್ ಬಾಗಿಲು ಮುಚ್ಚಿದೆವು. ಆಮೇಲೆ ಸ್ಲ್ಯಾಬಿಗೆ ಬಿಳಿ ಬಣ್ಣ ಬಳಿಸಿದೆವು. ಲಿಫ್ಟ್ ಮೂರು ಗಂಟೆಗೆ ನಿಲ್ಲುವುದು ತಪ್ಪಿ, ನಾಲ್ಕಕ್ಕೆ ನಿಲ್ಲತೊಡಗಿತು. ಎಸಿ ಬಂದದ್ದು ಮೇ ಎರಡನೇ ವಾರ.