ಹಾರ್ಲೆಮ್ ಚಾರ್ಟರ್ ಸ್ಕೂಲುಗಳು: ಪರ್ಸೆಂಟೇಜ್ ಬಿಡಿ, ಖಾಲಿ ಸೀಟು ನೋಡಿ

ಕೊಲಂಬಿಯಾ ಯೂನಿವರ್ಸಿಟಿಗೆ ಪೋಸ್ಟ್‌ಡಾಕ್ ಅಂತ ಬಂದು ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಮನೆ ಮಾಡೋ ನಮ್ಮವರು ಕೇಳೋದು ಒಂದೇ ಪ್ರಶ್ನೆ, "ಸಾರ್, ಯಾವ ಚಾರ್ಟರ್ ಬೆಸ್ಟು ಹೇಳ್ಬಿಡಿ, ಫಾರ್ಮ್ ತುಂಬ್ಬೇಕು". ಶಾಲೆಗಳ ಡೇಟಾ ಓದೋದೇ ನನ್ ಕೆಲ್ಸ, ಆದ್ರೂ ಒಂದು ಹೆಸರು ಹೇಳಿ ಮುಗ್ಸಕ್ಕೆ ನಂಗೆ ಆಗಲ್ಲ, ಯಾಕೆ ಅಂತ ಇಲ್ಲಿ ಬರೀತೀನಿ.

ಗೊತ್ತಿಲ್ದೋರಿಗೆ ಮೊದ್ಲು ಇಷ್ಟು: ಚಾರ್ಟರ್ ಅಂದ್ರೆ ಸರ್ಕಾರದ ದುಡ್ಡಲ್ಲೇ ನಡೆಯೋ ಶಾಲೆ, ಫೀಸಿಲ್ಲ, ಎಂಟ್ರೆನ್ಸ್ ಟೆಸ್ಟಿಲ್ಲ, ಅರ್ಜಿ ಜಾಸ್ತಿ ಬಂದ್ರೆ ಲಾಟರಿ. ಆಡಳಿತ ಮಾತ್ರ ಒಂದು ಸ್ವತಂತ್ರ ಬೋರ್ಡ್ ಕೈಲಿ. ಹೆಚ್ಚೆಂದ್ರೆ ಐದು ವರ್ಷಕ್ಕೆ ಲೈಸೆನ್ಸು, ರಿಸಲ್ಟ್ ಸರಿಯಿಲ್ದೇ ಇದ್ರೆ ರಿನ್ಯೂ ಆಗ್ದೇನೂ ಇರ್ಬಹುದು. ನ್ಯೂಯಾರ್ಕ್‌ನಲ್ಲಿ ಕಾನೂನು ಬಂದಿದ್ದು 1998ರಲ್ಲಿ, ಮರುವರ್ಷವೇ ಹಾರ್ಲೆಮ್‌ನಲ್ಲಿ ಸಿಸುಲು ಶಾಲೆ ಶುರುವಾಯ್ತು. ಆಮೇಲೆ ಕಿಪ್ ಅನ್ನೋ ಚಾರ್ಟರ್ ಸಂಸ್ಥೆ ಬಂತು, 2004ರಲ್ಲಿ ಜೆಫ್ರಿ ಕೆನಡಾ ಅವರ ಹಾರ್ಲೆಮ್ ಚಿಲ್ಡ್ರನ್ಸ್ ಜೋನ್ ಅನ್ನೋ ಸೇವಾ ಸಂಸ್ಥೆಯ ಪ್ರಾಮಿಸ್ ಅಕಾಡೆಮಿ, 2006ರಲ್ಲಿ ಈವಾ ಮಾಸ್ಕೊವಿಟ್ಜ್ ಅವರ ಸಕ್ಸಸ್ ಅಕಾಡೆಮಿ ಮತ್ತು ಡೆಮಾಕ್ರಸಿ ಪ್ರೆಪ್, ಹೀಗೆ ಕೆಲವೇ ವರ್ಷದಲ್ಲಿ ನಡ್ಕೊಂಡು ಹೋಗೋ ದೂರದಲ್ಲೇ ನಾಲ್ಕೈದು ಥರದ ಶಾಲೆ ಆಗೋಯ್ತು. ಎಷ್ಟೋ ಚಾರ್ಟರ್‌ಗಳು ಸಾಮಾನ್ಯ ಸರ್ಕಾರಿ ಶಾಲೆಯ ಬಿಲ್ಡಿಂಗ್‌ನಲ್ಲೇ ಒಂದು ಫ್ಲೋರ್ ತಗೊಂಡು ನಡೀತವೆ, ಜಿಮ್ ಯಾರಿಗೆ ಎಷ್ಟೊತ್ತಿಗೆ ಅನ್ನೋ ಜಗಳ ಬೇರೆ.

ಹೋಲಿಸೋಕೆ ಕೂತಾಗ ಎಲ್ರೂ ನೋಡೋದು ರಾಜ್ಯದ ಟೆಸ್ಟು. ಮೂರರಿಂದ ಎಂಟನೇ ಗ್ರೇಡ್‌ವರೆಗೆ ಇಂಗ್ಲಿಷು, ಮ್ಯಾತ್ಸು, ಲೆವೆಲ್ 1ರಿಂದ 4, ಮೂರು ನಾಲ್ಕು ಬಂದೋರೆಲ್ಲ ಪ್ರೊಫಿಷಿಯೆಂಟು, ಅಂದ್ರೆ ಆ ಕ್ಲಾಸಿಗೆ ತಕ್ಕ ಮಟ್ಟ ಮುಟ್ಟಿದೋರು. ಸಕ್ಸಸ್ ಅಕಾಡೆಮಿದು ಈ ಪರ್ಸೆಂಟೇಜಲ್ಲಿ ಯಾವಾಗ್ಲೂ ಮೇಲೆ, ಮ್ಯಾತ್ಸಲ್ಲಂತೂ ಶ್ರೀಮಂತ ಸಬರ್ಬ್‌ಗಳನ್ನೂ ಹಿಂದೆ ಹಾಕುತ್ತೆ. ಅದು ಸುಳ್ಳಲ್ಲ, ಪಾಠ ಚೆನ್ನಾಗೇ ಮಾಡ್ತಾರೆ. ಆದ್ರೆ ನಮ್ಮೂರ ಕಡೆ ಒಂಬತ್ತನೇ ಕ್ಲಾಸಲ್ಲಿ ವೀಕ್ ಇರೋರಿಗೆ ಟಿಸಿ ಕೊಟ್ಟು ಆಮೇಲೆ ಎಸ್ಸೆಸ್ಸೆಲ್ಸಿ ನೂರಕ್ಕೆ ನೂರು ಅಂತ ಬ್ಯಾನರ್ ಹಾಕೋ ಸ್ಕೂಲುಗಳನ್ನ ನೋಡಿದೋರು ಪರ್ಸೆಂಟೇಜ್ ಕಂಡ ತಕ್ಷಣ ಕೇಳ್ಬೇಕು: ಕೆಳಗಿನ ಸಂಖ್ಯೆ ಏನು, ಎಷ್ಟು ಜನರಲ್ಲಿ ಇಷ್ಟು?

ಸಕ್ಸಸ್‌ನ ಮೊದಲ ಬ್ಯಾಚು ಹೈಸ್ಕೂಲ್ ಮುಗಿಸಿದ್ದು 2018ರಲ್ಲಿ, 16 ಮಕ್ಕಳು. ಆ ಬ್ಯಾಚು 2006ರಲ್ಲಿ ಒಂದನೇ ಗ್ರೇಡ್‌ನಲ್ಲಿ ಕೂತಾಗ ಇದ್ದಿದ್ದು 73. 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ ಇನ್ನೊಂದು ವಿಷಯ ಹೊರಗೆ ಹಾಕ್ತು, ಬ್ರೂಕ್ಲಿನ್‌ನ ಅವರದೊಂದು ಶಾಲೆಲಿ 'ಗಾಟ್ ಟು ಗೋ', ಅಂದ್ರೆ ಹೋಗ್ಲೇಬೇಕು ಅಂತ 16 ಮಕ್ಕಳ ಪಟ್ಟಿ ಮಾಡಿದ್ರಂತೆ. ಅದೊಂದು ಶಾಲೆಯ ತಪ್ಪು, ನಮ್ಮ ಪಾಲಿಸಿ ಅಲ್ಲ ಅಂತ ಸಂಸ್ಥೆ ಹೇಳ್ತು.

ಇಷ್ಟು ಕೇಳಿದ್ರೆ 'ಓ, ಚಾರ್ಟರ್ ಅಂದ್ರೆ ಮಕ್ಕಳನ್ನ ಓಡ್ಸೋದು' ಅನ್ಸುತ್ತೆ, ಅಲ್ಲೇ ಜನ ಎಡವೋದು. ಯಾಕಂದ್ರೆ ನಗರದ ಇಂಡಿಪೆಂಡೆಂಟ್ ಬಜೆಟ್ ಆಫೀಸು ಕಿಂಡರ್‌ಗಾರ್ಟನ್ ಮಕ್ಕಳನ್ನ ವರ್ಷಾನುವರ್ಷ ಹಿಂಬಾಲಿಸಿ ನೋಡಿದಾಗ ಹತ್ತಿರದ ಸಾಮಾನ್ಯ ಶಾಲೆಗಿಂತ ಚಾರ್ಟರ್‌ನಲ್ಲೇ ಉಳ್ಕೊಂಡೋರು ಸ್ವಲ್ಪ ಜಾಸ್ತಿ ಇದ್ರು. ಹಾರ್ಲೆಮ್‌ನಂಥ ಕಡೆ ಬಾಡಿಗೆ ಏರುತ್ತೆ, ಮನೆ ಬದಲಾಗುತ್ತೆ, ಮಕ್ಕಳು ಎಲ್ಲಾ ಶಾಲೆಯಿಂದಾನೂ ಹೋಗ್ತಾರೆ. ನಿಜವಾದ ವ್ಯತ್ಯಾಸ ಇರೋದು ಹೋದ ಮಗುವಿನ ಸೀಟಿಗೆ ಯಾರು ಬರ್ತಾರೆ ಅನ್ನೋದ್ರಲ್ಲಿ.

ಹೀಗೆ ಖಾಲಿ ಸೀಟಿಗೆ ಹೊಸಬರನ್ನ ತುಂಬೋದಕ್ಕೆ ಇಲ್ಲಿ ಬ್ಯಾಕ್‌ಫಿಲ್ ಅಂತಾರೆ. ಸಾಮಾನ್ಯ ಸರ್ಕಾರಿ ಶಾಲೆ ಫೆಬ್ರವರಿಲಿ, ಅದೂ ಆರನೇ ಗ್ರೇಡ್‌ಗೆ, ಇಂಗ್ಲಿಷೇ ಬರದ ಮಗು ಬಂದ್ರೂ ಸೇರಿಸ್ಕೊಳ್ಳುತ್ತೆ, ಆ ಮಗು ಅದೇ ವರ್ಷ ಮ್ಯಾತ್ಸ್ ಟೆಸ್ಟಿಗೂ ಕೂರುತ್ತೆ. ಸಕ್ಸಸ್ ಬಹಳ ವರ್ಷ ನಾಲ್ಕನೇ ಗ್ರೇಡ್ ಆದ್ಮೇಲೆ ಹೊಸಬರನ್ನ ತಗೊಳ್ತಾನೇ ಇರಲಿಲ್ಲ, ಡೆಮಾಕ್ರಸಿ ಪ್ರೆಪ್‌ನೋರು ಸೀಟು ತುಂಬ್ತಾನೇ ಬಂದ್ರು, ಸಾಲದ್ದಕ್ಕೆ 2011ರಲ್ಲಿ ಮುಳುಗ್ತಿದ್ದ ಹಾರ್ಲೆಮ್ ಡೇ ಅನ್ನೋ ಚಾರ್ಟರನ್ನ ಇದ್ದ ಮಕ್ಕಳ ಸಮೇತ ವಹಿಸ್ಕೊಂಡ್ರು. ಈ ಎರಡೂ ಶಾಲೆಯ ಎಂಟನೇ ಗ್ರೇಡ್ ಪರ್ಸೆಂಟೇಜನ್ನ ಪಕ್ಕಪಕ್ಕ ಇಟ್ಟು ಇದು ಮೇಲು ಅದು ಕೀಳು ಅಂದ್ರೆ ಅದಕ್ಕೆ ಅರ್ಥನೇ ಇಲ್ಲ, ಒಂದು ಕಡೆ ಚಿಕ್ಕ ಕ್ಲಾಸಿಂದಾನೇ ಅಲ್ಲೇ ಬೆಳೆದೋರು, ಇನ್ನೊಂದು ಕಡೆ ನಿನ್ನೆ ಬಂದೋರೂ ಲೆಕ್ಕಕ್ಕೆ.

ಹಾಗಾದ್ರೆ ನ್ಯಾಯವಾದ ಹೋಲಿಕೆ ಇಲ್ವಾ ಅಂದ್ರೆ ಇದೆ, ಲಾಟರಿಲಿ ಗೆದ್ದೋರನ್ನ ಸೋತೋರ ಜೊತೆ ಹೋಲ್ಸೋದು. ಎರಡೂ ಕಡೆ ಅರ್ಜಿ ಹಾಕೋವಷ್ಟು ಕಾಳಜಿ ಇರೋ ಅಪ್ಪ ಅಮ್ಮಂದಿರೇ, ಚೀಟಿ ಮಾತ್ರ ಬೇರೆ. ಡಾಬಿ ಮತ್ತು ಫ್ರೈಯರ್ ಅನ್ನೋ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಾಮಿಸ್ ಅಕಾಡೆಮಿನ ಹೀಗೇ ಅಳೆದ್ರು, ಮ್ಯಾತ್ಸಲ್ಲಿ ದೊಡ್ಡ ಲಾಭ ಕಾಣ್ತು. ಆದ್ರೆ ಅದೂ ಅರ್ಜಿ ಹಾಕಿದೋರ ಮಟ್ಟಿಗೆ ಮಾತ್ರ ಉತ್ತರ.

ನೀವು ಮನೇಲೇ ಮಾಡ್ಬಹುದಾದ್ದು ಅಂದ್ರೆ, ರಾಜ್ಯ ಶಿಕ್ಷಣ ಇಲಾಖೆ ವೆಬ್‌ಸೈಟಲ್ಲಿ ಪ್ರತಿ ಶಾಲೆಯದೂ ಗ್ರೇಡ್‌ವಾರು ಮಕ್ಕಳ ಸಂಖ್ಯೆ ಇದೆ. ಈ ವರ್ಷ ಮೂರನೇ ಗ್ರೇಡ್‌ನಲ್ಲಿ ಎಷ್ಟು, ಮುಂದಿನ ವರ್ಷ ನಾಲ್ಕರಲ್ಲಿ ಎಷ್ಟು, ಹಾಗೇ ಒಂದೇ ಬ್ಯಾಚನ್ನ ಓರೆಯಾಗಿ ಓದ್ಕೊಂಡು ಹೋಗಿ. ಇಳೀತಾನೇ ಹೋದ್ರೆ ಸೀಟು ತುಂಬ್ತಿಲ್ಲ ಅಂತ. ಟೆಸ್ಟಿನ ಅಂಕಿ ನೋಡೋರು 2023ರಿಂದ ಟೆಸ್ಟು ಹೊಸ ಕಲಿಕಾ ಮಾನದಂಡಕ್ಕೆ ಬದಲಾಗಿದೆ ಅನ್ನೋದು ನೆನಪಿಟ್ಕೊಳ್ಳಿ, ಹಿಂದಿನ ವರ್ಷಗಳ ಜೊತೆ ಜೋಡಿಸ್ಬೇಡಿ. ಮಗುಗೆ ಐಇಪಿ, ಅಂದ್ರೆ ವಿಶೇಷ ಕಲಿಕೆಯ ಪ್ಲಾನ್ ಇದ್ರೆ ಬೇರೆಲ್ಲಾ ಬಿಟ್ಟು ಅದರಲ್ಲಿ ಬರೆದಿರೋ ಥರದ ಕ್ಲಾಸು ಆ ಬಿಲ್ಡಿಂಗ್‌ನಲ್ಲೇ ಇದೆಯಾ ಅಂತ ಕೇಳಿ, 'ನೋಡೋಣ' ಅಂದ್ರೆ ಇಲ್ಲ ಅಂತಲೇ ಅಂದ್ಕೊಳ್ಳಿ.

ಅರ್ಜಿಗೆ ಸಾಮಾನ್ಯವಾಗಿ ಏಪ್ರಿಲ್ 1 ಕಡೇ ದಿನ. ಒಡಹುಟ್ಟಿದೋರು ಅಲ್ಲೇ ಓದ್ತಿದ್ರೆ ಆದ್ಯತೆ, ಆ ಶಾಲೆ ಇರೋ ಸ್ಕೂಲ್ ಡಿಸ್ಟ್ರಿಕ್ಟಲ್ಲಿ ಮನೆ ಇದ್ರೂ ಆದ್ಯತೆ. ಹಾರ್ಲೆಮ್ ಅಂದ್ರೆ ಮುಖ್ಯವಾಗಿ 3, 4, 5 ಅಂತ ಮೂರು ಡಿಸ್ಟ್ರಿಕ್ಟು ಬರುತ್ತೆ, ರಸ್ತೆ ದಾಟಿದ್ರೆ ನಂಬರ್ ಬದಲಾಗ್ಬಹುದು, ಅದಕ್ಕೇ ಲೀಸ್ ಸೈನ್ ಮಾಡೋಕೆ ಮುಂಚೆನೇ ಅಡ್ರೆಸ್ ಹಾಕಿ ಚೆಕ್ ಮಾಡ್ಕೊಳ್ಳಿ.